ನಾಲ್ಕು ಎಂದವರು ಯಾರು

ನಮ್ಮ ಮನೆಯ ರೌಟರ್ ಎರಡು ವರ್ಷ ಗೋಡೆಗೆ ಮುಖ ಮಾಡಿ ನಿಂತಿತ್ತು. ನಾವು ಓದುವ ಕಾಲಕ್ಕೆ ಮಗ್ಗಿ ಬಾರದ ಹುಡುಗರನ್ನು ಹೀಗೆ ನಿಲ್ಲಿಸುತ್ತಿದ್ದರು. ಅದರ ತಪ್ಪು ಇಷ್ಟೇ: ಅದಕ್ಕೆ ಐದು ಹಸಿರು ದೀಪಗಳಿದ್ದವು, ಅವು ಬಿಡುವಿಲ್ಲದೆ ಮಿಟುಕುತ್ತಿದ್ದವು. ಎದುರಿನ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದರೆ ಯಾರೋ ನನ್ನ ಓದನ್ನು ಅನುಮಾನದಿಂದ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ಅನುಮಾನ ಪಡುವುದು ನನ್ನ ಕೆಲಸ, ಅದನ್ನು ಇನ್ನೊಬ್ಬರು ಮಾಡಿದರೆ ನನಗೆ ಸೇರುವುದಿಲ್ಲ. ಹಾಗಾಗಿ ಅದನ್ನು ತಿರುಗಿಸಿಟ್ಟೆ. ಅಂದಿನಿಂದ ನಮಗೆ ಕಾಣುತ್ತಿದ್ದದ್ದು ಅದರ ಬೆನ್ನು. ಬೆನ್ನಿನ ಮೇಲೆ ಅಂಟಿಸಿದ್ದ ಒಂದು ಬಿಳಿ ಚೀಟಿ. ಚೀಟಿಯ ಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು.

ಆ ಚೀಟಿ ನೆನಪಿರಲಿ. ನನಗೆ ನೆನಪಿರಲಿಲ್ಲ. ಮುಂದಿನದೆಲ್ಲ ಅದರಿಂದಲೇ ಆದದ್ದು.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿ ನಿವೃತ್ತನಾದವನು. ಧಾರವಾಡದಲ್ಲಿ ಎಂ.ಎ. ಮಾಡುವಾಗ ನನಗೊಂದು ಚಟ ಹತ್ತಿತು: ಯಾರು ಏನು ಹೇಳಿದರೂ ‘ಅದಕ್ಕೆ ಪುರಾವೆ ಏನು’ ಎಂದು ಕೇಳುವುದು. ಬೀಡಿ ಸಿಗರೇಟಿನ ಚಟದವರು ಹೊರಗೆ ಹೋಗಿ ಸೇದಿ ಬರುತ್ತಾರೆ, ನಾನು ಎಲ್ಲರ ನಡುವೆ ಕುಳಿತೇ ಸೇದುತ್ತಿದ್ದೆ. ಮದುವೆಯ ಮನೆಯಲ್ಲಿ ಬೀಗರು ತಮ್ಮ ಅಜ್ಜ ನೂರಾ ನಾಲ್ಕು ವರ್ಷ ಬಾಳಿದರೆಂದರೆ ಜನ್ಮದಾಖಲೆ ಕೇಳುತ್ತಿದ್ದೆ. ಹುಡುಗರು ನನಗೆ ‘ಪುರಾವೆ ಮಾಸ್ತರ’ ಎಂದು ಹೆಸರಿಟ್ಟರು. ನನಗದು ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಹೆಂಡತಿ ಸುಮಂಗಲೆಗೆ ಪುರಾವೆಯ ಗೊಡವೆ ಇಲ್ಲ. ಮಹಾನವಮಿಗೆ ಖಂಡೇ ಪೂಜೆಯ ದಿನ ಅವಳು ಮನೆಯಲ್ಲಿ ದುಡಿಯುವ ಒಂದೊಂದು ವಸ್ತುವಿಗೂ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸುತ್ತಾಳೆ. ಈಳಿಗೆ, ಒಳಕಲ್ಲು, ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಸ್ಕೂಟರ್. ದುಡಿಯುವ ವಸ್ತು ಎಂಬ ಮಾತಿನಿಂದಾಗಿ ನಿವೃತ್ತನಾದ ನಾನು ಆ ಯಾದಿಯಿಂದ ಹೊರಗೆ. ಕಳೆದ ಮಹಾನವಮಿಗೆ ರೌಟರಿಗೂ ಆ ಭಾಗ್ಯ ಬಂತು. ಅದರ ಮುಖ ಗೋಡೆಯ ಕಡೆಗಿತ್ತು. ಅವಳು ಬೆನ್ನಿಗೇ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಒತ್ತಿದಳು. ಮುಖ ಆ ಕಡೆಗಿದೆ ಎಂದೆ. ಯಂತ್ರಕ್ಕೆ ಮುಖ ಯಾವುದು, ಬೆನ್ನು ಯಾವುದು, ನಿಮಗೆ ತಾನೇ ಹೇಗೆ ಗೊತ್ತು ಎಂದು ಕೇಳಿದಳು. ನನ್ನ ಪ್ರಶ್ನೆಯನ್ನೇ ನನಗೆ ತಿರುಗಿಸಿ ಹಾಕುವ ವಿದ್ಯೆ ಅವಳಿಗೆ ನಮ್ಮ ಮದುವೆಯಿಂದ ಬಂದದ್ದು.

ಸಂಕ್ರಮಣ ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ರೌಟರಿನ ಪುಟ ತೆರೆದೆ. ಮಾಳಿಗೆಯ ಮೇಲೆ ಕುಳಿತು ಓದುವಾಗ ಇಂಟರ್‌ನೆಟ್ ಸಿಗುತ್ತಿರಲಿಲ್ಲ, ಏನಾದರೂ ತಿರುವಿ ನೋಡೋಣವೆಂದು. ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಅರ್ಧದಷ್ಟು ಇನ್ನೂ ಖಾಲಿ ಸೈಟುಗಳೇ. ನಿವೃತ್ತನಾದವನಿಗೆ ಅವುಗಳ ಕಡೆ ಎಷ್ಟು ಹೊತ್ತು ನೋಡುತ್ತ ಕೂರಲು ಸಾಧ್ಯ? ಆ ಪುಟದಲ್ಲಿ ಹೊಸ ಫರ್ಮ್‌ವೇರ್ ಬಂದಿರುವ ಸುದ್ದಿಯಿತ್ತು. ಫರ್ಮ್‌ವೇರ್ ಎಂದರೆ ಯಂತ್ರದ ಬುದ್ಧಿ. ಡಬ್ಬಿ ಹಳೆಯದೇ ಇರುತ್ತದೆ, ಒಳಗಿನ ಬುದ್ಧಿಯನ್ನು ಅಳಿಸಿ ಹೊಸದನ್ನು ಬರೆಯುತ್ತಾರೆ. ಓದಿದ ಕೂಡಲೇ ಆಸೆಯಾಯಿತು. ಮನುಷ್ಯರಿಗೆ ಇದು ಸಿಕ್ಕಿದ್ದರೆ ಎಂದು ತರಗತಿಯಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೆ.

ಒಂದೇ ತೊಡಕು. ಒಂದೇ ಹೆಸರಿನ ರೌಟರುಗಳಲ್ಲಿ ಮೂರನೆಯ ಆವೃತ್ತಿ, ನಾಲ್ಕನೆಯ ಆವೃತ್ತಿ ಎಂದು ಇರುತ್ತವಂತೆ. ಮೇಲೆ ನೋಡಲು ಅವಳಿಜವಳಿ. ಒಳಗಿನ ಹಲಗೆ ಬೇರೆ. ಒಂದರ ಬುದ್ಧಿ ಇನ್ನೊಂದಕ್ಕೆ ಹಾಕಿದರೆ ಎರಡೂ ಇಲ್ಲದಂತಾಗುತ್ತದೆ. ನಮ್ಮದು ಯಾವುದೆಂದು ಬೆನ್ನಿನ ಚೀಟಿಯಲ್ಲಿ ನೋಡಿಕೊಳ್ಳಿ ಎಂದು ಬರೆದಿತ್ತು. ಎದ್ದು ಹೋಗಿ ನೋಡಿದೆ. ಚೀಟಿಯ ಮೇಲೆ ಅಕ್ಷರಗಳೇ ಇರಲಿಲ್ಲ. ಕೆಂಪು ಬಣ್ಣದ ಒಂದು ಮಸುಕು ಮಾತ್ರ ಇತ್ತು.

ಸುಮಂಗಲೆಯನ್ನು ಕರೆದು, ನೋಡು ನಿನ್ನ ಕುಂಕುಮ ಏನು ಮಾಡಿದೆ ಎಂದು ಒಂದು ಸಣ್ಣ ಭಾಷಣ ಮಾಡಿದೆ. ಮೂಢನಂಬಿಕೆ ಮೊದಲು ಮನುಷ್ಯನ ಬುದ್ಧಿಯನ್ನು ಅಳಿಸುತ್ತದೆ, ಆಮೇಲೆ ಯಂತ್ರದ ಬೆನ್ನನ್ನು ಎಂಬಂಥ ಮಾತುಗಳು. ಅವಳು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು.

“ಕುಂಕುಮ ಹಚ್ಚಿದಾಕಿ ನಾ ಖರೇ ರೀ. ಮರುದಿನ ಸ್ಪಿರಿಟ್ ಹಾಕಿ ಗಸಗಸ ತಿಕ್ಕಿದವರು ಯಾರು?”

ಸಕ್ಕರೆ ಕಾಯಿಲೆಗಾಗಿ ಬೆರಳು ಚುಚ್ಚಿಕೊಳ್ಳುವ ಮೊದಲು ಒರೆಸಿಕೊಳ್ಳುವ ಸ್ಪಿರಿಟ್ಟು ಅದು. ಅವಳು ಹೇಳಿದ ಮೇಲೆ ಹತ್ತಿಯ ಉಂಡೆ ಕೆಂಪಾದದ್ದು ಕಣ್ಣ ಮುಂದೆ ಬಂತು. ಹೇಳುವ ತನಕ ಬಂದಿರಲಿಲ್ಲ. ಕುಂಕುಮವನ್ನು ವಿಚಾರವಾದಿಯ ಶ್ರದ್ಧೆಯಿಂದ ತಿಕ್ಕಿದ್ದೆ. ಅದರ ಜೊತೆ ಅಕ್ಷರಗಳೂ ಹೋಗಿದ್ದವು. ನಾಲ್ಕು ತಿಂಗಳಲ್ಲಿ ನನ್ನ ನೆನಪು ತಿಕ್ಕಿದ ಕೈಯನ್ನು ಬಿಟ್ಟು, ಹಚ್ಚಿದ ಕೈಯನ್ನು ಮಾತ್ರ ಇಟ್ಟುಕೊಂಡಿತ್ತು. ಅಂದೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚರಿಕೆಗಳನ್ನು ಬೇರೆಯವರ ಸಲುವಾಗಿ ಎಂದು ತಿಳಿಯುವ ರೂಢಿ ನನಗೆ.

ಲಾಲಸಾಬನಿಗೆ ಫೋನು ಮಾಡಿದೆ.

ಲಾಲಸಾಬ ತಿಕೋಟಾದವನು, ನಾನೂ ಅಲ್ಲಿಯವನೇ. ಒಂದನೆಯ ಇಯತ್ತೆಯಿಂದ ಒಂದೇ ಬೆಂಚು. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಪ್ಪ ರೇಡಿಯೋ ದುರಸ್ತಿ ಮಾಡುತ್ತಿದ್ದ ಅಂಗಡಿಯಲ್ಲಿ ಇವನು ಟೇಪ್‌ರೆಕಾರ್ಡರ್, ಟಿವಿ, ಮೊಬೈಲ್ ಎಂದು ಕಾಲಕ್ಕೆ ತಕ್ಕಂತೆ ದಾಟುತ್ತ ಈಗ ರೌಟರಿನ ತನಕ ಬಂದಿದ್ದಾನೆ. ನಮ್ಮ ಮನೆಗೆ ಆ ರೌಟರ್ ತಂದು ಕೂಡಿಸಿಕೊಟ್ಟವನೂ ಅವನೇ. ನನಗೆ ಗೊತ್ತಿರುವವರಲ್ಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಒಬ್ಬನೇ ಮನುಷ್ಯ. ಕಾಲೇಜಿನಲ್ಲಿ ಅಂಥವರು ನನಗೆ ಸಿಕ್ಕಲಿಲ್ಲ.

ನಮ್ಮಿಬ್ಬರ ನಡುವೆ ಒಂದೇ ಒಂದು ಜಗಳ ಐವತ್ತು ವರ್ಷದಿಂದ ಉಳಿದುಕೊಂಡಿದೆ. ಐದನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ನಮ್ಮನ್ನು ಗೋಲಗುಮ್ಮಟ ತೋರಿಸಲು ಕರೆತಂದಿದ್ದರು. ಮೇಲಿನ ಸುತ್ತುಗಟ್ಟೆಯಲ್ಲಿ ಅವನು ಈ ಕಡೆ, ನಾನು ಆ ಕಡೆ ಗೋಡೆಗೆ ಬಾಯಿ ಹಚ್ಚಿ ನಿಂತೆವು. ಯಾರೋ ಹೆಡ್‌ಮಾಸ್ತರರಿಗೆ ಒಂದು ಬೈಗುಳ ಪಿಸುಗುಟ್ಟಿದರು, ಅದು ಇಡೀ ಗುಮ್ಮಟ ಸುತ್ತಿ ಅವರ ಕಿವಿಗೇ ಬಂತು. ಏಟು ಇಬ್ಬರಿಗೂ ಬಿದ್ದವು. ಬೈದವನು ಅವನು ಎಂದು ನನಗೆ ಚೆನ್ನಾಗಿ ನೆನಪಿದೆ. ಬೈದವನು ನಾನು ಎಂದು ಅವನಿಗೆ ಚೆನ್ನಾಗಿ ನೆನಪಿದೆ. ಭೇಟಿಯಾದಾಗಲೆಲ್ಲ ಇದರ ಮೇಲೆ ಒಂದು ಚಹಾ ಮುಗಿಯುತ್ತಿತ್ತು.

ಫೋನಿನಲ್ಲಿ ಅವನಿಗೆ ಚೀಟಿಯ ಸಂಗತಿ ಹೇಳಿದೆ. ಅಳಿಸಿದ್ದು ಯಾರೆಂಬುದನ್ನು ಹೇಳಲಿಲ್ಲ. ಆಗ ಅವನು, ನಾಲ್ಕನೆಯದೇ ಇದೆ, ನನಗೆ ನೆನಪಿದೆ ಬಿಡು, ಏನೂ ಆಗುವುದಿಲ್ಲ ಎಂದ. ಈ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಪದಕ್ಕೆ ಪದ, ಅದೇ ಧಾಟಿ. ‘ಬಿಡು’ ಎನ್ನುವಾಗಿನ ಆ ಸಣ್ಣ ಅಸಡ್ಡೆಯೂ.

ನಾಲ್ಕನೆಯ ಆವೃತ್ತಿಯ ಫೈಲನ್ನು ಇಳಿಸಿಕೊಂಡು, ರೌಟರಿಗೆ ಕೊಟ್ಟೆ. ಅದು ಒಂದು ಪ್ರಶ್ನೆ ಕೇಳಿತು: ನಿಮಗೆ ಖಚಿತವೇ? ಜೀವನದಲ್ಲಿ ಎಲ್ಲರಿಗೂ ನಾನು ಕೇಳುತ್ತ ಬಂದ ಪ್ರಶ್ನೆ. ನನಗೆ ಅದನ್ನು ಕೇಳಿದ್ದು ಆ ಡಬ್ಬಿ ಒಂದೇ. ಹೌದು ಎಂದು ಒತ್ತಿದೆ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತ ಹೋಗಿ, ಮುಕ್ಕಾಲು ದಾರಿಯಲ್ಲಿ ನಿಂತಿತು. ಹತ್ತು ನಿಮಿಷ ಕಾದೆ. ರೌಟರನ್ನು ಇತ್ತ ತಿರುಗಿಸಿ ನೋಡಿದರೆ, ಐದು ಹಸಿರು ದೀಪಗಳಲ್ಲಿ ಒಂದೂ ಇರಲಿಲ್ಲ. ಮೂಲೆಯಲ್ಲಿ ಕೆಂಪಗೆ ಒಂದು ಚುಕ್ಕೆ ಅಲುಗಾಡದೆ ಉರಿಯುತ್ತಿತ್ತು.

ಮೂರು ದಿನ ನಾನೇ ವೈದ್ಯನಾದೆ. ಆರಿಸಿದೆ, ಹಚ್ಚಿದೆ. ಹಿಂದಿನ ಸಣ್ಣ ತೂತಿನಲ್ಲಿ ಸುಮಂಗಲೆಯ ಪಿನ್ನು ಚುಚ್ಚಿ ಒತ್ತಿ ಹಿಡಿದೆ. ಊರಿನ ಒಂದು ಅಂಗಡಿಗೆ ಒಯ್ದರೆ ಅಲ್ಲಿದ್ದವರು ಎರಡು ಸೆಕೆಂಡು ನೋಡಿ, ಇದು ಬ್ರಿಕ್ ಆಗಿದೆ, ಹೊಸದು ತೆಗೆದುಕೊಳ್ಳಿ ಎಂದರು. ಬ್ರಿಕ್ ಎಂದರೆ ಇಟ್ಟಂಗಿ. ಖರೇ ಇಟ್ಟಂಗಿಯಾಗಿದ್ದರೆ ಬಡಾವಣೆಯಲ್ಲಿ ಯಾರದಾದರೂ ಗೋಡೆಗಾದರೂ ಬರುತ್ತಿತ್ತು.

ಈ ಮೂರು ದಿನವೂ ಬೆಳಗಿನ ವಾಕಿಂಗಿನಲ್ಲಿ, ಹಾಲಿನ ಅಂಗಡಿಯ ಮುಂದೆ, ಸಿಕ್ಕವರಿಗೆಲ್ಲ ಈ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಅದಕ್ಕೆ ಆಕಾರ ಬಂತು. ಸ್ಪಿರಿಟ್ಟು ಬಿದ್ದುಹೋಯಿತು. ಕುಂಕುಮವೂ ಬಿದ್ದುಹೋಯಿತು, ಏಕೆಂದರೆ ಅದನ್ನು ಹೇಳಿದರೆ ಸುಮಂಗಲೆ ಒಳಗಿನಿಂದ ಬಂದು ಸ್ಪಿರಿಟ್ಟನ್ನು ಮತ್ತೆ ಸೇರಿಸುವ ಭಯವಿತ್ತು. ಕೊನೆಗೆ ಉಳಿದದ್ದು ಇಷ್ಟು: ತಿಕೋಟಾದ ನನ್ನ ಗೆಳೆಯ ಕಣ್ಣಿನಿಂದ ನೋಡದೆ ಫೋನಿನಲ್ಲೇ ನಾಲ್ಕು ಎಂದ, ನನ್ನ ರೌಟರ್ ಸತ್ತಿತು. ಚಿಕ್ಕದಾದ, ಚೊಕ್ಕದಾದ ಕಥೆ. ಕೇಳಿದವರು ನಗುತ್ತಿದ್ದರು. ಕೇಳುವವರು ನಕ್ಕರೆ ಮಾಸ್ತರನಾದವನು ಅದೇ ಪಾಠ ಮತ್ತೆ ಮಾಡುತ್ತಾನೆ.

ನಾಲ್ಕನೆಯ ದಿನ ಬಬಲೇಶ್ವರದಿಂದ ಈರಣ್ಣನ ಫೋನು ಬಂತು. ಈರಣ್ಣ ನನ್ನ ಹಳೆಯ ವಿದ್ಯಾರ್ಥಿ, ಅಲ್ಲಿ ಒಂದು ಖಾಸಗಿ ವಸತಿ ಶಾಲೆಯ ಮುಖ್ಯಸ್ಥ. ಶಾಲೆಗೂ ಹಾಸ್ಟೆಲ್ಲಿಗೂ ಸೇರಿಸಿ ಮೂವತ್ತು ಕೋಣೆಗಳಿಗೆ ಇಂಟರ್‌ನೆಟ್ ಕೂಡಿಸುವ ಕೆಲಸವಿತ್ತು. ತಿಕೋಟಾದ ಲಾಲಸಾಬ ಎನ್ನುವವರು ಬಂದು ನೋಡಿಹೋಗಿದ್ದಾರೆ, ನಿಮ್ಮ ಊರಿನವರಂತೆ, ಮನುಷ್ಯ ಹೇಗೆ ಎಂದು ಕೇಳಿದ. ಲಾಲಸಾಬ ಈ ಕೆಲಸದ ಮೇಲೆ ಎಷ್ಟು ಆಸೆ ಇಟ್ಟಿದ್ದನೆಂದು ನನಗೆ ಗೊತ್ತಿತ್ತು. ಮೊಬೈಲು ಕೆಟ್ಟರೆ ಜನ ಈಗ ದುರಸ್ತಿ ಮಾಡಿಸುವುದಿಲ್ಲ, ಹೊಸದನ್ನೇ ಕೊಳ್ಳುತ್ತಾರೆ. ಇದೊಂದು ಕೈಗೆ ಹತ್ತಿದರೆ ಅಂಗಡಿ ಮುಚ್ಚಬೇಕಾಗಿಲ್ಲ ಎಂದು ದೀಪಾವಳಿಯಲ್ಲಿ ಅವನೇ ನನಗೆ ಹೇಳಿದ್ದ. ಎಲ್ಲ ಗೊತ್ತಿದ್ದೂ ನನ್ನ ಬಾಯಿ ಆ ಚೊಕ್ಕ ಕಥೆಯನ್ನೇ ಹೇಳಿತು. ಮನುಷ್ಯ ಒಳ್ಳೆಯವನೇ, ಆದರೆ ಫೋನಿನಲ್ಲೇ ನನ್ನ ರೌಟರನ್ನು ಕೊಂದ ನೋಡು, ಎಂದೆ. ಈರಣ್ಣ ಜೋರಾಗಿ ನಕ್ಕ. ನಾನೂ ನಕ್ಕೆ.

ರವಿವಾರ ಸುಮಂಗಲೆ ಆ ಸತ್ತ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿ ನನ್ನ ಕೈಗಿತ್ತಳು.

“ತಿಕೋಟಾಕ್ಕ ಹೋಗಿ ಬರ್ರಿ. ದುರಸ್ತಿ ಆಗಲಿಲ್ಲಂದ್ರ ಜಗಳನರ ಆಡಿ ಬರ್ರಿ. ಊರಮಂದಿ ಮುಂದ ಆಡೂದು ಸಾಕು.”

ಅಥಣಿ ರಸ್ತೆಯಲ್ಲಿ ಕೈ ಮಾಡಿದರೆ ತಿಕೋಟಾದ ಬಸ್ಸು ನಿಲ್ಲುತ್ತದೆ. ಅರ್ಧ ತಾಸಿನ ದಾರಿಯಲ್ಲಿ ಅವನಿಗೆ ಹೇಳಬೇಕಾದ್ದನ್ನು ತರ್ಕಬದ್ಧವಾಗಿ ಜೋಡಿಸಿಕೊಂಡೆ. ಅಂಗಡಿಯಲ್ಲಿ ಅವನು ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತಿದ್ದ. ನನ್ನನ್ನು ನೋಡಿ ಎಂದಿನಂತೆ ನಗಲಿಲ್ಲ. ಚೀಲದಿಂದ ರೌಟರ್ ತೆಗೆದುಕೊಂಡು, ಹಳೆಯ ಎಟಿಎಂ ಕಾರ್ಡೊಂದನ್ನು ಅಂಚಿಗೆ ತೂರಿಸಿ ಡಬ್ಬಿ ಬಿಚ್ಚಿದ. ಹಸಿರು ಹಲಗೆಯ ಮೂಲೆಯಲ್ಲಿ ಬೆರಳಿಟ್ಟು ತೋರಿಸಿದ. ಅಲ್ಲಿ ಸಣ್ಣದಾಗಿ ಮೂರು ಎಂದು ಅಚ್ಚಾಗಿತ್ತು.

“ನೀ ನಾಕು ಅಂದಿದ್ದಿ” ಎಂದೆ.

ಅವನು ಕತ್ತೆತ್ತಲಿಲ್ಲ. “ಮದಲ ಇದು ಏಳಲಿ.”

ಆಮೇಲೆ ಅವನು ಮಾಡಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ರೌಟರಿನ ಬುದ್ಧಿಯೆಲ್ಲ ಹಾಳಾಗಿದ್ದರೂ ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗ ಹಾಗೇ ಉಳಿದಿರುತ್ತದಂತೆ. ಕಾರ್ಖಾನೆಯಲ್ಲಿ ಒಮ್ಮೆ ಬರೆದದ್ದು; ನಾವು ಹೊಸ ಬುದ್ಧಿ ಹಾಕುವಾಗ ಅದಕ್ಕೆ ಕೈ ಹಚ್ಚುವುದಿಲ್ಲ. ಅದಕ್ಕೆ ಇಂಟರ್‌ನೆಟ್ ಗೊತ್ತಿಲ್ಲ, ಪಾಸ್‌ವರ್ಡ್ ಗೊತ್ತಿಲ್ಲ, ಯಾರ ಮನೆಯಲ್ಲಿದ್ದೇನೆಂಬುದೂ ಗೊತ್ತಿಲ್ಲ. ಅದಕ್ಕೆ ಬರುವುದು ಒಂದೇ ಪ್ರಶ್ನೆ. ಗುಂಡಿ ಒತ್ತಿ ಹಿಡಿದು ಕರೆಂಟು ಕೊಟ್ಟರೆ ಅದು ಎಚ್ಚೆತ್ತು, ಇಂಥ ವಿಳಾಸದಲ್ಲಿ ಯಾರಾದರೂ ಇದ್ದೀರಾ, ಇಂಥ ಹೆಸರಿನ ಫೈಲು ಇದ್ದರೆ ಕೊಡಿ, ಎಂದು ಕರೆಯುತ್ತದೆ. ಲಾಲಸಾಬ ತನ್ನ ಕಂಪ್ಯೂಟರಿಗೆ ಆ ವಿಳಾಸವನ್ನೇ ಕೈಯಿಂದ ಬರೆದುಕೊಟ್ಟ; ಮೂರನೆಯ ಆವೃತ್ತಿಯ ಫೈಲಿಗೆ ಅದು ಕೇಳುವ ಹೆಸರನ್ನೇ ಇಟ್ಟ; ಎರಡರ ನಡುವೆ ಒಂದು ಹಳದಿ ವೈರು ಚುಚ್ಚಿದ.

“ತಲಿ ಹೋಗ್ಯದ, ಜೀವ ಅದ” ಎಂದ. ಅಷ್ಟೇ ಅವನ ವಿವರಣೆ.

ನನಗೆ ಕನಮಡಿಯ ಸೋದರಮಾವ ನೆನಪಾದರು. ಕೊನೆಯ ಎರಡು ವರ್ಷ ಅವರಿಗೆ ಹೆಂಡತಿಯ ಗುರುತಿರಲಿಲ್ಲ, ಹೊಲದ ಗುರುತಿರಲಿಲ್ಲ, ತಮ್ಮ ಹೆಸರೂ ಇರಲಿಲ್ಲ. ಹೊಸ್ತಿಲು ದಾಟಿ ಯಾರು ಬಂದರೂ ಒಂದೇ ಮಾತು: “ಊಟ ಆತೇನ?” ವಸೂಲಿಯವರು ಬಂದರೂ ಅದೇ, ಡಾಕ್ಟರು ಬಂದರೂ ಅದೇ. ಆಗ ನಾವು ಮರೆಯಲ್ಲಿ ನಗುತ್ತಿದ್ದೆವು. ಎಲ್ಲ ಅಳಿಸಿಹೋದ ಮೇಲೂ ಉಳಿಯುವಂತೆ ಅವರೊಳಗೆ ಯಾರೋ ಆ ಒಂದು ವಾಕ್ಯವನ್ನು ಬರೆದಿಟ್ಟಿದ್ದರು. ನನ್ನ ಆ ಮೂಲೆಯಲ್ಲಿ ಏನು ಬರೆದಿರಬಹುದು ಎಂದು ಯೋಚಿಸಿದೆ. ‘ಪುರಾವೆ ಏನು’ ಎಂದು ಇರಬಹುದು. ಗುರುತೇ ಸಿಗದ ಹೆಂಡತಿಗೆ, ನೀನು ನನ್ನ ಹೆಂಡತಿ ಎಂಬುದಕ್ಕೆ ಪುರಾವೆ ಕೇಳುತ್ತ ಕುಳಿತಿರುವ ಮುದುಕನ ಚಿತ್ರ ಕಣ್ಣಿಗೆ ಬಂತು. ನನಗೆ ನಗು ಬರಲಿಲ್ಲ.

ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಲಾಲಸಾಬ ದಬ್ಬಣದ ತುದಿಯಿಂದ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿ ಹಿಡಿದ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಮೂಡಿತು: ಅದು ಕೇಳಿತ್ತು, ಇದು ಕೊಟ್ಟಿತ್ತು. ಮೂರು ನಿಮಿಷ ಇಬ್ಬರೂ ಡಬ್ಬಿಯನ್ನೇ ನೋಡಿದೆವು. ಕೆಂಪು ಚುಕ್ಕೆ ಆರಿತು. ಒಂದು ಹಸಿರು, ಇನ್ನೊಂದು ಹಸಿರು, ಆಮೇಲೆ ಐದೂ. ನಾನು ಎರಡು ವರ್ಷ ಗೋಡೆಗೆ ಮುಖ ಮಾಡಿಸಿದ್ದ ಆ ಕಣ್ಣುಗಳು ನನ್ನನ್ನೇ ನೋಡುತ್ತ ಮಿಟುಕಿದವು.

ಲಾಲಸಾಬ ವೈರು ಸುತ್ತಿಟ್ಟು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡ.

“ನಿನ್ನೆ ಸಾರವಾಡದವರೊಬ್ಬರು ಟಿವಿ ತಂದಿದ್ರು. ಬಬಲೇಶ್ವರದ ಸಾಲಿ ಕೆಲಸ ನಿಮಗ್ಯಾಕ ತಪ್ಪಿತ್ರಿ ಅಂತ ಕೇಳಿದ್ರು. ನನಗ ತಪ್ಪಿದ್ದ ಗೊತ್ತಿರಲಿಲ್ಲ. ನಿಮ್ಮ ದೋಸ್ತನ ರೌಟರ್ ನೀವ ಫೋನಿನ್ಯಾಗ ಕೆಡಿಸೀರಂತಲ್ರೀ ಅಂದ್ರು.” ದಬ್ಬಣವನ್ನು ಖಾನೆಯಲ್ಲಿ ಇಟ್ಟ. “ದೋಸ್ತ ಅಂದ್ರಲ್ಲ, ಅದೊಂದು ಚಲೋ ಅನಸ್ತು.”

ಜೋಡಿಸಿಕೊಂಡು ಬಂದಿದ್ದ ತರ್ಕ ಇನ್ನೂ ನನ್ನ ಬಾಯಲ್ಲಿತ್ತು. ನೀನು ಹೇಳಿದ್ದು ನನಗೆ ಪದಕ್ಕೆ ಪದ ನೆನಪಿದೆ ಎಂದೆ. ನಾಕನೇದ ಅದ, ನನಗ ನೆನಪದ ಬಿಡು, ಏನಾಗೂದಿಲ್ಲ. ಹೀಗಂದೆಯೋ ಇಲ್ಲವೋ ಎಂದು ಕೇಳಿದೆ.

ಅವನು ಮೊಬೈಲು ತೆಗೆದು ಮೇಜಿನ ಮೇಲಿಟ್ಟ. ದುರಸ್ತಿಯ ಅಂಗಡಿಯವರಿಗೆ ಒಂದು ರೂಢಿಯಿದೆ. ಗಿರಾಕಿಗಳು ಕೊಡುವಾಗ ಒಂದು ಹೇಳಿ, ಒಯ್ಯುವಾಗ ಇನ್ನೊಂದು ಹೇಳುತ್ತಾರೆಂದು ಬಂದ ಕರೆಗಳೆಲ್ಲ ತಾವಾಗಿ ರೆಕಾರ್ಡ್ ಆಗುವಂತೆ ಇಟ್ಟಿರುತ್ತಾರೆ. ನನಗಿದು ಗೊತ್ತಿತ್ತು. ನಾನು ಗಿರಾಕಿಯೆಂದು ಮಾತ್ರ ಗೊತ್ತಿರಲಿಲ್ಲ.

“ಪುರಾವೆ ಮಾಸ್ತರ, ಪುರಾವಿ ಬೇಕೇನ?” ಎಂದ.

ಬೇಡ ಎನ್ನಬಹುದಿತ್ತು. ಅಂದರೆ ಮೂವತ್ತು ವರ್ಷದ ಸಂಬಳ ವಾಪಸು ಕೊಟ್ಟಂತಾಗುತ್ತಿತ್ತು. ಹೂಂ ಎಂದೆ.

ಮೊದಲು ನನ್ನ ಕೆಮ್ಮು ಕೇಳಿಸಿತು. ಆಮೇಲೆ ಚೀಟಿಯ ವಿಷಯ. ಆಮೇಲೆ ಒಂದು ದನಿ ಹೇಳಿತು: “ನಾಕನೇದ ಅದ, ನನಗ ನೆನಪದ ಬಿಡು, ಏನಾಗೂದಿಲ್ಲ.” ಅದೇ ಪದಗಳು. ಅದೇ ಧಾಟಿ. ‘ಬಿಡು’ ಎನ್ನುವಾಗಿನ ಅದೇ ಅಸಡ್ಡೆ. ದನಿ ನನ್ನದು.

ಅದರ ಬೆನ್ನಿಗೆ ಅವನದು: “ನೆನಪಿನ ಮ್ಯಾಲ ಹಾಕಬ್ಯಾಡ ಮಾಸ್ತರ. ಐತವಾರ ತಗೊಂಡು ಬಾ, ಬಿಚ್ಚಿ ನೋಡೂಣು.”

ಈ ಎರಡನೆಯ ಮಾತು ನನ್ನೊಳಗೆ ಎಲ್ಲಿಯೂ ಇರಲಿಲ್ಲ. ಈಗಲೂ ಇಲ್ಲ. ರೆಕಾರ್ಡಿನಲ್ಲಿ ಕೇಳಿದ್ದು ನೆನಪಿದೆ, ಅವನು ಅಂದು ಹೇಳಿದ್ದು ನೆನಪಿಲ್ಲ. ಪೂರ್ತಿ ಮರೆತುಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಅರವತ್ತು ದಾಟಿದವರು ಮರೆಯುತ್ತಾರೆ, ಚೀಟಿ ಬರೆದಿಟ್ಟುಕೊಳ್ಳುತ್ತಾರೆ. ನನ್ನ ನೆನಪು ಒಂದಕ್ಷರವನ್ನೂ ಮರೆತಿರಲಿಲ್ಲ. ನನ್ನ ಮಾತನ್ನು ಎಚ್ಚರದಿಂದ ಎತ್ತಿ ಅವನ ಬಾಯಲ್ಲಿ ಇಟ್ಟಿತ್ತು, ಅಷ್ಟೇ.

ತಮಾಷೆ ಕೇಳಿ. ನಮ್ಮ ಹಳೆಯ ತಾರ್ಕಿಕರು ಪ್ರಮಾಣಗಳನ್ನು ಎಣಿಸುವಾಗ ಕಣ್ಣಾರೆ ಕಂಡದ್ದನ್ನು ಸೇರಿಸುತ್ತಾರೆ, ಊಹಿಸಿ ತಿಳಿದದ್ದನ್ನು ಸೇರಿಸುತ್ತಾರೆ, ನಂಬಿಗಸ್ತನಾದವನ ಮಾತನ್ನೂ ಸೇರಿಸುತ್ತಾರೆ. ಸ್ಮೃತಿಯನ್ನು ಮಾತ್ರ ಹೊರಗಿಡುತ್ತಾರೆ. ನೆನಪು ಹೊಸದಾಗಿ ಏನನ್ನೂ ತಿಳಿಸುವುದಿಲ್ಲ; ಹಿಂದೆ ತಿಳಿದದ್ದನ್ನು ತಿರುಗಿ ಹೇಳುತ್ತದೆ, ಹಿಂದಿನದು ಸುಳ್ಳಾಗಿದ್ದರೆ ಇದೂ ಸುಳ್ಳು, ಆದ್ದರಿಂದ ಅದನ್ನು ಪ್ರಮಾಣವೆಂದು ಒಪ್ಪಬಾರದು. ಇದನ್ನು ನಾನು ವರ್ಷಕ್ಕೊಮ್ಮೆಯಂತೆ ಮೂವತ್ತು ಸಲ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. ಪರೀಕ್ಷೆಯಲ್ಲಿ ತಪ್ಪು ಬರೆದವರಿಗೆ ಗುಂಡು ಸೊನ್ನೆ ಸುತ್ತಿದ್ದೇನೆ. ನಂಬಿಗಸ್ತನಾದವನು ಫೋನಿನಲ್ಲೇ ‘ಬಿಚ್ಚಿ ನೋಡೋಣ’ ಎನ್ನುತ್ತಿದ್ದಾಗ, ಪಟ್ಟಿಯಲ್ಲೇ ಇಲ್ಲದ ಪ್ರಮಾಣವನ್ನು ಹಿಡಿದುಕೊಂಡು ಅವನ ಅನ್ನಕ್ಕೆ ಕಲ್ಲು ಹಾಕಿದ್ದೆ.

“ಗುಮ್ಮಟದಾಗೂ ಬೈದಾಂವ ನೀನ ಇರಬೇಕು” ಎಂದ ಲಾಲಸಾಬ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

ಅಲ್ಲೇ ಅವನ ಮುಂದೆ ನಿಂತು ಈರಣ್ಣನಿಗೆ ಫೋನು ಹಚ್ಚಿದೆ. ಮೊನ್ನೆ ನಾನು ಹೇಳಿದ್ದು ತಪ್ಪು, ರೌಟರ್ ಕೆಡಿಸಿದವನು ನಾನು, ಲಾಲಸಾಬ ಬೇಡವೆಂದೇ ಹೇಳಿದ್ದ, ಈಗ ಅದನ್ನು ಎಬ್ಬಿಸಿದವನೂ ಅವನೇ ಎಂದು ಒಂದೇ ಉಸಿರಿಗೆ ಹೇಳಿದೆ. ಲಾಲಸಾಬನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

“ಸರ್, ನೀವು ಹಂಗೇನೂ ಅಂದಿಲ್ಲಲ್ರಿ. ಮನಷ್ಯಾ ಚಲೋ ಅದಾನ ಅಂದಿದ್ರಿ, ನನಗ ನೆನಪದ. ಕೆಲಸ ಬ್ಯಾರೆದವರಿಗೆ ಕೊಟ್ಟಾತ್ರಿ. ಕಮಿಟಿಯವರು ಕೊಟ್ಟಾರ. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.”

ಗುರುವಿನ ಮರ್ಯಾದೆ ಉಳಿಸಲು ಹಾಗೆ ಹೇಳಿದನೋ, ನಿಜಕ್ಕೂ ಮರೆತಿದ್ದನೋ ನನಗೆ ತಿಳಿಯಲಿಲ್ಲ. ಅವನ ಫೋನು ರೆಕಾರ್ಡ್ ಮಾಡುವುದಿಲ್ಲ. ನಾನು ಅವನಿಗೆ, ಅಂದಿದ್ದೇನೆ, ನೀನು ನಕ್ಕಿದ್ದಿ, ಎಂದು ವಾದಿಸಿದೆ. ಅವನು ಇಲ್ಲ ಬಿಡ್ರಿ ಸರ್ ಎಂದು ನಕ್ಕ. ತಪ್ಪು ಮಾಡುವುದಕ್ಕೆ ಒಬ್ಬನೇ ಸಾಕು. ಒಪ್ಪಿಕೊಳ್ಳುವುದಕ್ಕೆ ಮಾತ್ರ, ಹೌದು ನೀನು ಮಾಡಿದೆ ಎನ್ನುವವನು ಇನ್ನೊಬ್ಬ ಬೇಕು. ಅವನು ಒಲ್ಲೆನೆಂದರೆ ತಪ್ಪು ವಾಪಸಾಗುವುದಿಲ್ಲ; ಮಾಡಿದವನ ಕೈಯಲ್ಲೇ ಉಳಿಯುತ್ತದೆ.

ಲಾಲಸಾಬ ರೌಟರಿನ ಡಬ್ಬಿ ಮುಚ್ಚಿ, ಬೆನ್ನಿನ ಖಾಲಿ ಚೀಟಿಯ ಮೇಲೆ ಕಪ್ಪು ಮಾರ್ಕರಿನಿಂದ ಅಂಗೈಯಷ್ಟು ದೊಡ್ಡದಾಗಿ ಮೂರು ಎಂದು ಬರೆದ. ಎರಡು ಸಲ ತಿದ್ದಿ ದಪ್ಪ ಮಾಡಿದ.

“ಇದು ಸ್ಪಿರಿಟ್ಟಿಗೆ ಹೋಗೂದಿಲ್ಲ” ಎಂದ.

ಸ್ಪಿರಿಟ್ಟಿನ ವಿಷಯವನ್ನು ನಾನು ಅವನಿಗೆ ಹೇಳಿರಲಿಲ್ಲ. ಸುಮಂಗಲೆ ಹೇಳಿರಬೇಕು. ಅಥವಾ ನಾನೇ ಹೇಳಿದ್ದೆನೋ, ಈಗ ಆಣೆ ಮಾಡಿ ಹೇಳಲಾರೆ.

ರೌಟರ್ ಈಗ ನಮ್ಮ ಕಡೆ ಮುಖ ಮಾಡಿ ನಿಂತಿದೆ. ಓದುವಾಗ ನೋಡುತ್ತದೆ, ನೋಡಲಿ. ಮಾಳಿಗೆಯ ಮೇಲೆ ಇಂಟರ್‌ನೆಟ್ ಈಗಲೂ ಸಿಗುವುದಿಲ್ಲ. ಬದಲಾದದ್ದು ನನ್ನ ಲೆಕ್ಕಾಚಾರ. ಮನೆಯವರ ಮೇಲೆ, ನೆಂಟರ ಮೇಲೆ, ಸಹೋದ್ಯೋಗಿಗಳ ಮೇಲೆ ನಾನು ವರ್ಷಗಟ್ಟಲೆ ಜತನ ಮಾಡಿ ಇಟ್ಟುಕೊಂಡು ಬಂದ ಸಿಟ್ಟುಗಳೆಷ್ಟೋ ಇವೆ. ಅವರು ಇಂಥ ದಿನ ಇಂಥ ಮಾತು ಅಂದಿದ್ದರು ಎಂಬುದೇ ಒಂದೊಂದರ ಬುಡ. ಪದಕ್ಕೆ ಪದ ನೆನಪಿದೆ. ಅದೇ ಈಗ ಹೆದರಿಕೆ. ಒಂದೊಂದನ್ನೇ ಕಿವಿಗೆ ಹಿಡಿದು, ಇದು ಯಾರ ದನಿ ಎಂದು ಕೇಳುತ್ತೇನೆ. ರೆಕಾರ್ಡು ಇರುವುದು ಒಂದಕ್ಕೆ ಮಾತ್ರ.

ಒಂದು ತಿಂಗಳು ಲಾಲಸಾಬ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಮೊನ್ನೆ ಮಧ್ಯಾಹ್ನ ತಡೆಯಲಾರದೆ ಮಾಡಿದೆ. ಎತ್ತಿದ.

“ರೆಕಾರ್ಡ್ ಆಗಾಕತ್ತದ ನೋಡು ಮಾಸ್ತರ. ವಿಚಾರ ಮಾಡಿ ಮಾತಾಡು.”

ವಿಚಾರ ಮಾಡಿದೆ. ಅಂಗಡಿ ಹೇಗಿದೆ ಎಂದು ಕೇಳುವ ಮುಖ ನನಗಿರಲಿಲ್ಲ. ಕ್ಷಮಿಸು ಎಂಬ ಮಾತು ನಮ್ಮ ಊರಿನಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಬಾಯಿಗೆ ಬರುವುದಿಲ್ಲ. ಹುಡುಕುತ್ತ ಹುಡುಕುತ್ತ ಒಳಗೆಲ್ಲ ಖಾಲಿಯಾದಂತಾಗಿ, ಯಾವುದೋ ಮೂಲೆಯಿಂದ ಒಂದೇ ಒಂದು ವಾಕ್ಯ ಹೊರಬಂತು.

“ಊಟ ಆತೇನ?”

ಅವನು ಏನೋ ಒಂದು ಮಾತು ಹೇಳಿ ಫೋನು ಇಟ್ಟ. ‘ಆತು’ ಎಂದ ಎಂದು ನನ್ನ ನೆನಪು ಹೇಳುತ್ತದೆ. ‘ನಿಂದು?’ ಎಂದೂ ಕೇಳಿದ ಎಂದು ಹೇಳುತ್ತದೆ. ಈ ಎರಡನೆಯದನ್ನು ನಂಬಬೇಕೆಂದು ಬಹಳ ಆಸೆಯಾಗಿದೆ. ಆದರೆ ಪುರಾವೆ ಅವನ ಫೋನಿನಲ್ಲಿದೆ. ಮುಂದಿನ ಐತವಾರದ ಬಸ್ಸಿಗೆ ತಿಕೋಟಾಕ್ಕೆ ಹೋಗಿ ಕೇಳಿ ಬರಬೇಕು.